ನುಗ್ಗೆಕಾಯಿ ಕಟ್ಟಿನ ದಾರ

ಪಕ್ಕದ ಮನೆಯ ಲೆಕ್ಕದ ಮೇಷ್ಟ್ರ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಬಸ್ ಟಿಕೆಟ್ಟು, ವೀಳ್ಯದೆಲೆ, ಕರವಸ್ತ್ರ, ಏನು ಸಿಕ್ಕರೂ ಎರಡಾಗಿ ಮಡಿಸಿ, ಮತ್ತೆ ಎರಡಾಗಿ ಮಡಿಸಿ, ಹೆಬ್ಬೆರಳ ಉಗುರಿನಿಂದ ತೀಡುತ್ತಿದ್ದರು. ಆ ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಸದಾ ಬೆಳ್ಳಗೆ ಕೂತಿರುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಮಾತು. ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ರಾಟೆ ತಿರುಗಿಸುತ್ತಿದ್ದಳು; ನಾನಿದ್ದೆ, ಮೇಷ್ಟ್ರಿದ್ದರು. ಸಾಸಲು ಊರಿಗೆ ಕೊಟ್ಟಿದ್ದ ನನ್ನ ತಂಗಿ, ಆರು ತಿಂಗಳ ಬಸುರಿ, ಒಂದು ದಿನದ ಮಟ್ಟಿಗೆ ಬಂದಿದ್ದಳು. ಅವಳಿಗೆ ಆಗಾಗ ತಲೆಸುತ್ತು. ಮೊದಲ ಬಸಿರು ಹೀಗೇ ತಲೆಸುತ್ತು ಹೆಚ್ಚಾಗಿ ಹೋಗಿತ್ತು. ಅವಳ ಅತ್ತೆ ಕೆಟ್ಟವರೇನಲ್ಲ, ಆದರೆ ಒಂಬತ್ತು ತುಂಬುವವರೆಗೆ ತವರಿನ ಮಾತೆತ್ತುವಂತಿರಲಿಲ್ಲ. ತಂಗಿಗೆ ಓದುಬರಹ ಬಾರದು. ಕಾಗದ ಬರೆಯುವವರು ಮಾವನವರೇ, ಅವರ ಕೈಲಿ ಇದನ್ನು ಬರೆಸುವಂತಿರಲಿಲ್ಲ.

"ವಾರದ ಸಂತೆಗೆ ನಿನ್ನ ಗಂಡ ತರೋ ನುಗ್ಗೆಕಾಯಿ ಕಟ್ಟಿನ ದಾರದಲ್ಲಿ ದಿನಕ್ಕೊಂದು ಗಂಟು ಹಾಕಿ ಕಳ್ಸೇ. ತಲೆ ಸುತ್ತಿದ ದಿನ ದೊಡ್ಡ ಗಂಟು," ಅಂದೆ.

"ಏಳು ಗಂಟು ನೋಡಿದ್ರೆ ನಮ್ಮತ್ತೆ ಮಾಟ ಅಂತಾರೆ ಕಣಕ್ಕ!"

ಮೇಷ್ಟ್ರು ನಕ್ಕರು. "ಒಂದೇ ಗಂಟು ಸಾಕು ಬಿಡಮ್ಮ. ನಾಲ್ಕು ದಿನದಲ್ಲಿ ಎಷ್ಟು ದಿನ ತಲೆಸುತ್ತು?"

"ಒಂದು ದಿನ, ಮೇಷ್ಟ್ರೇ."

ಅಮ್ಮನಿಂದ ಒಂದು ಮಾರು ನೂಲು ಇಸಿದುಕೊಂಡು, ಒಂದು ತುದಿಗೆ ಅರಿಸಿನ ಹಚ್ಚಿಸಿದರು. "ನಾಲ್ಕಾಗಿ ಮಡಿಸು. ಅರಿಸಿನದ ಕಡೆಗಿರೋ ಮೂರು ಪಾಲು ಆರಾಮಿನ ದಿನಕ್ಕೆ, ಕೊನೇ ಪಾಲು ತಲೆಸುತ್ತಿಗೆ. ಮೊದಲ್ನೇ ದಿನ ಆರಾಮಾ? ಆ ಮೂರು ಪಾಲು ಮಾತ್ರ ಹಿಡ್ಕೊ, ಮಿಕ್ಕಿದ್ದು ಮರೆತ್ಬಿಡು. ಹಿಡ್ಕೊಂಡಷ್ಟನ್ನೇ ಮತ್ತೆ ನಾಲ್ಕಾಗಿ ಮಡಿಸು, ಅದು ಎರಡನೇ ದಿನ. ಅವತ್ತು ಸುತ್ತಿತಾ? ಅದರ ಕೊನೇ ಪಾಲು ಹಿಡ್ಕೊ. ಹಿಂಗೇ ಏಳು ದಿನ. ಕೊನೆಗೆ ಕೈಲಿ ಉಳಿದ ತುಂಡಿನ ನಡುವೆ ಕೆಂಪು ನೂಲಿನದೊಂದು ಗಂಟು."

ಓದುವುದೂ ಹಾಗೆಯೇ. ಗಂಟು ಯಾವ ಪಾಲಿನಲ್ಲಿದೆ ನೋಡಿ, ಆ ಪಾಲನ್ನೇ ಮತ್ತೆ ಮಡಿಸುತ್ತಾ ಹೋಗುವುದು.

"ಸಮವಾಗಿ ಅರ್ಧರ್ಧ ಮಾಡಿದ್ರೆ ಸುಲಭ ಅಲ್ವಾ?" ಎಂದು ಕೇಳಿದೆ.

"ಹೆಚ್ಚು ಸಲ ಬರೋ ಸುದ್ದಿಗೆ ಅಗಲ ಜಾಗ ಬಿಡಬೇಕಮ್ಮ. ಆಗ ದಾರ ಬೇಗ ಮುಗಿಯಲ್ಲ."

ಪ್ರತಿ ಸಂತೆಗೂ ತಂಗಿಯ ಗಂಡ ನುಗ್ಗೆಕಾಯಿ ಕಟ್ಟು ತಂದು ಹಾಕುತ್ತಿದ್ದ. "ಎರಡು ಸುತ್ತು ಸಾಕಾಗೋ ಕಡೆ ಮಾರುದ್ದ ಸುತ್ತಿರ್ತಾಳೆ ನಿಮ್ಮ ಮಗಳು. ನೇಕಾರರ ಮನೆಯವಳಲ್ವಾ!" ಎಂದು ಅಮ್ಮನನ್ನು ರೇಗಿಸುತ್ತಿದ್ದ. ಅವನು ಬೀದಿ ದಾಟುವುದೇ ತಡ, ನಾನು ದಾರ ಬಿಚ್ಚಿ ಮಡಿಸಲು ಕೂರುತ್ತಿದ್ದೆ. ಗಂಟು ಅರಿಸಿನದ ಹತ್ತಿರವೇ ಇದ್ದರೆ ವಾರವೆಲ್ಲ ಆರಾಮು. ಓಲೆ ಬಿಡಿಸಿದಷ್ಟೇ ಖುಷಿ.

ಆರನೇ ಸಂತೆಯ ದಾರದಲ್ಲಿ ಗಂಟು ಅರಿಸಿನವಿಲ್ಲದ ತುದಿಯಿಂದ ಅಕ್ಕಿಕಾಳಿನಷ್ಟೇ ಈಚೆಗಿತ್ತು. ಮಡಿಸಿದೆ: ಕೊನೆಯ ಪಾಲು. ಮತ್ತೆ ಕೊನೆಯದು. ಮೂರನೆಯ ದಿನವೂ, ನಾಲ್ಕನೆಯ ದಿನವೂ. ಆಮೇಲೆ ಮಡಿಸಲು ಉಗುರಿಗೆ ದಾರವೇ ಸಿಗಲಿಲ್ಲ. ಮೇಷ್ಟ್ರನ್ನು ಕೂಗಿದೆ. ಅವರ ಬೆರಳುಗಳೂ ಸೋತು ನಿಂತವು.

"ಮಿಕ್ಕ ಮೂರು ದಿನ?"

"ಅದು ಈ ದಾರಕ್ಕೆ ಗೊತ್ತಿಲ್ಲ ಕಣಮ್ಮ. ಕಾಯಬೇಡಿ, ಬಸ್ಸು ಹಿಡೀರಿ."

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಅಮ್ಮನೂ ನಾನೂ ಸಾಸಲಿಗೆ ಹೋದೆವು. "ಏನ್ ಬೀಗಿತ್ತಿ, ಹೇಳ್ದೆ ಕೇಳ್ದೆ ಬಂದ್ಬಿಟ್ರಿ?" ಎಂದರು ತಂಗಿಯ ಅತ್ತೆ. "ಕೆಟ್ಟ ಕನಸು ಬಿತ್ತು ಕಣ್ರೀ," ಅಂದಳು ಅಮ್ಮ. ಕನಸಿನ ಜೊತೆ ಯಾರು ವಾದ ಮಾಡುತ್ತಾರೆ? ಸಂಜೆಯೊಳಗೆ ತಂಗಿ ಆಸ್ಪತ್ರೆ ಸೇರಿದಳು. ರಕ್ತದ ಒತ್ತಡ ವಿಪರೀತ ಏರಿತ್ತು. ಹೆರಿಗೆಯವರೆಗೂ ಡಾಕ್ಟರಮ್ಮ ಮನೆಗೆ ಬಿಡಲಿಲ್ಲ. ಹೆಣ್ಣು ಮಗು ಹುಟ್ಟಿತು.

ಮೇಷ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. "ತಲೆಸುತ್ತು ಹೆಚ್ಚಾಗ್ತಾ ಬಂದಾಗ ಅದರ ಪಾಲೂ ವಾರವಾರ ಅಗಲ ಆಗ್ಬೇಕಿತ್ತು. ನಂಗೆ ಹೊಳೀಲೇ ಇಲ್ಲ ನೋಡಮ್ಮ," ಎನ್ನುತ್ತಾ ಖಾಲಿ ದಾರ ಹಿಡಿದು ಎಷ್ಟೋ ಸಂಜೆ ಜಗಲಿಯಲ್ಲಿ ಕೂತಿರುತ್ತಿದ್ದರು. ಇಡೀ ಸುದ್ದಿಯನ್ನು ಒಂದೇ ಸಂಖ್ಯೆಯೊಳಗೆ ಅಡಗಿಸಲು ಕಂಪ್ಯೂಟರಿನವರೂ ಹೀಗೇ ಪಾಲು ಮಾಡುತ್ತಾರೆಂದು ಯಾರೋ ನನಗೆ ಹೇಳುವ ಹೊತ್ತಿಗೆ, ಕೇಳಿ ಕುಣಿಯಬೇಕಾದವರೇ ಇರಲಿಲ್ಲ.

ಮಗುವಿಗೆ ವರ್ಷ ತುಂಬುವ ಮೊದಲೇ ಅವರಿಗೆ ನೆಲಮಂಗಲಕ್ಕೆ ವರ್ಗವಾಗಿತ್ತು. ಮೂರು ವರ್ಷದ ಮೇಲೆ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದ ತಂಗಿ ಸಾಸಲಿನಿಂದ ಮಗಳನ್ನು ಎತ್ತಿಕೊಂಡು ನೆಲಮಂಗಲಕ್ಕೆ ಬಂದು, ಮಗುವಿನ ಕೈಯಿಂದ ಅವರ ಪಾದ ಮುಟ್ಟಿಸಿದಳು.