ಐನೂರೊಂದು ರೂಪಾಯಿಯ ಮುಯ್ಯಿ

ವರ್ಷ ಕಳೆದಂತೆ ಸಿಟ್ಟು ಇಳಿಯುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನದಂತೂ ಇಳಿದಿಲ್ಲ. ಯಾರ ಮನೆಯ ಮದುವೆಯಲ್ಲೇ ಆಗಲಿ, ಮುಯ್ಯಿ ಕೂಗುವವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡನೋ, ನನಗೆ ಮೈಯೆಲ್ಲ ಉರಿಯುತ್ತದೆ. ಎಲೆ ಮುಂದಿನಿಂದ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ.

ಐವತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ಹಳೇನಗರದ ಒಂದು ವಠಾರದಲ್ಲಿ ನಮ್ಮ ಬಿಡಾರ. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ. ಎರಡು ಮಕ್ಕಳು, ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಬಾವಿ ಇದ್ದದ್ದು ಮನೆಯೊಡತಿಯ ಹಿತ್ತಿಲಲ್ಲಿ. ಬಾಡಿಗೆಯವರಿಗೆ ದಿನಕ್ಕೆ ಆರು ಕೊಡ ನೀರು, ಅಷ್ಟೇ. ಒಮ್ಮೆ ಚಿಕ್ಕ ಮಗುವಿಗೆ ಭೇದಿ ಹಿಡಿದಿತ್ತು. ಬಟ್ಟೆ ಒಗೆಯಲು ಏಳನೆಯ ಕೊಡ ಸೇದಿದೆ. ಆ ಮಹಾತಾಯಿ ಬಂದವಳೇ ರಾಟೆಯಿಂದ ಹಗ್ಗ ಬಿಚ್ಚಿಕೊಂಡು, "ಇದೇನು ನಿಮ್ಮಪ್ಪ ತೋಡ್ಸಿದ ಬಾವಿನಾ?" ಎಂದಳು. ನಾನು ಹೇಸಿಗೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಸ್ವಂತ ಮನೆ ಆಗಬೇಕು, ಅದರಲ್ಲಿ ಬಾವಿ ಇರಬೇಕು ಎಂದು ನಾನು ಹಟ ಹಿಡಿದದ್ದು ಅವತ್ತಿನಿಂದ.

ಹಟ ಹಿಡಿಯುವುದು ಸುಲಭ, ಸಂಬಳ ಅಷ್ಟೇ ಇರುತ್ತದೆ. ಸೌದೆ ಕೊಳ್ಳುವುದು ಬಿಟ್ಟೆ. ಸಾ ಮಿಲ್ಲಿಗೆ ಹೋಗಿ ಮರದ ಹೊಟ್ಟು ತಂದು, ಡಬ್ಬದ ಒಲೆಗೆ ತುಂಬಿ ಕುಟ್ಟಿ ಉರಿಸುತ್ತಿದ್ದೆ. ಅದರ ಹೊಗೆಗೆ ಕಣ್ಣು ಕೆಂಪಾಗಿ, ಬೀದಿಯವರು ನನ್ನನ್ನು ದಿನಾ ಅಳುವವಳು ಎಂದುಕೊಂಡಿದ್ದರು. ಕಾಫಿಗೆ ಬೆಲ್ಲ, ಅದೂ ಮಧ್ಯಾಹ್ನ ಇಲ್ಲ. ದೊಡ್ಡವನ ಚಡ್ಡಿ ಹರಿದರೆ ಅಪ್ಪನ ಕಾರ್ಖಾನೆಯ ಷರಟು ಕತ್ತರಿಸಿ ಹೊಲಿದೆ. ಗಂಡ ಓವರ್‌ಟೈಮ್ ಮಾಡಿ ಬಂದು ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಉಳಿದದ್ದೆಲ್ಲ ರಾಗಿಹಿಟ್ಟಿನ ಡಬ್ಬದ ತಳಕ್ಕೆ. ಹೀಗೆ ಮೂರೂವರೆ ವರ್ಷ.

ಆಮೇಲೆ ಮನೆಯೂ ಸಿಕ್ಕಿತು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಸೇಲಂ ಕಡೆಯ ಹಿರಿಯರೊಬ್ಬರು ರಿಟೈರಾಗಿ ಊರಿಗೆ ಹೊರಟಿದ್ದರು. ಎರಡು ಅಂಕಣದ ಹೆಂಚಿನ ಮನೆ, ಹಿಂದೆ ಕರಿಬೇವಿನ ಗಿಡ, ಗಿಡದ ಪಕ್ಕ ಬಾವಿ! ನಾನು ಮನೆಯೊಳಗೆ ಕಾಲಿಡುವ ಮೊದಲು ಬಾವಿ ಇಣುಕಿದೆ. ಬೇಸಿಗೆಯಲ್ಲೂ ನೀರು ಕೈಗೆ ಸಿಕ್ಕುವಷ್ಟು ಮೇಲಿತ್ತು.

"ಅಮಾಸೆ ಒಳಗೆ ಐನೂರು ಸಂಚಕಾರ ಕೊಟ್ಬಿಡಿಮ್ಮಾ. ಬಾಕಿದು ಕಂತಲ್ಲಿ ಆಯ್ತು. ಅಮಾಸೆ ದಾಟಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀನಿ," ಎಂದರು ಅವರು.

ನಾನು ಬಾವಿಯ ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮಮ್ಮನ ಬಾಯಲ್ಲಿ ಜೀವಕ್ಕೆ ಸಂಚಕಾರ, ಮಾನಕ್ಕೆ ಸಂಚಕಾರ ಎಂದೇ ಆ ಮಾತು ಕೇಳಿದ್ದವಳು ನಾನು. ಮುಂಗಡಕ್ಕೂ ಅದೇ ಹೆಸರು ಎಂದು ಗೊತ್ತೇ ಇರಲಿಲ್ಲ. ದಾರಿಯಲ್ಲಿ ಗಂಡ ನಕ್ಕರು. "ಅಡ್ವಾನ್ಸ್ ಕಣೇ ಮಾರಾಯ್ತಿ. ಹೆದರ್ಕೋಬೇಡ."

ಡಬ್ಬದಲ್ಲಿ ಐನೂರು ಸರಿಯಾಗಿ ಇತ್ತು. ಅಮಾವಾಸ್ಯೆಗೆ ಎಂಟು ದಿನ. ನಡುವೆ ಒಂದು ಮದುವೆ ದಾಟಬೇಕಿತ್ತು, ಶಿವಮೊಗ್ಗದಲ್ಲಿ ನನ್ನ ಗಂಡನ ಅಕ್ಕನ ಮಗಳದು. ಅಕ್ಕನ ಗಂಡ ಅಡಿಕೆ ವ್ಯಾಪಾರಿ, ಮಂಡಿ ಇಟ್ಟವರು, ಅವರಿಗೆ ನಮ್ಮ ಹಾಗೆ ಹೊಟ್ಟು ಕುಟ್ಟುವ ಗತಿ ಏನಿಲ್ಲ. ಆದರೆ ಸೋದರಮಾವ ಎಂದ ಮೇಲೆ ಮುಯ್ಯಿ ಕೈತುಂಬ ಹಾಕಬೇಕಲ್ಲ. ಅದಕ್ಕೆಂದು ಆ ತಿಂಗಳ ಓವರ್‌ಟೈಮಿನ ಐವತ್ತೊಂದನ್ನು ಬೇರೆ ಇಟ್ಟಿದ್ದೆವು. ಐವತ್ತೊಂದು! ಒಂದು ತಿಂಗಳ ದಿನಸಿ. ಇರಲಿ, ಮಾವ ಅಲ್ಲವೇ ಎಂದು ನಾನೇ ಮಡಚಿ ವೀಳ್ಯದೆಲೆಯಲ್ಲಿ ಸುತ್ತಿಕೊಟ್ಟೆ.

ಮುಯ್ಯಿ ಕೂಗಲು ಕೂತಿದ್ದವರು ಅವರ ಕಡೆಯ ಒಬ್ಬ ಅಜ್ಜ. ದನಿ ಕಂಚಿನದು, ಕಿವಿ ಮಂದ. ತಟ್ಟೆಗೆ ಎಲೆ ಇಟ್ಟವರು ಅವರ ಕಿವಿಯಲ್ಲಿ ಮೊತ್ತ ಹೇಳಬೇಕು, ಅವರು ಇಡೀ ಛತ್ರಕ್ಕೆ ಕೇಳುವಂತೆ ಕೂಗಬೇಕು, ಪಕ್ಕದವನು ಬರೆದುಕೊಳ್ಳಬೇಕು. ಗಂಡ ಬಗ್ಗಿ ಹೇಳಿದರು. ಅಜ್ಜ ತಲೆಯೆತ್ತಿ ಕೂಗಿದರು:

"ಹುಡುಗಿ ಸೋದರಮಾವ, ಭದ್ರಾವತಿಯವರು, ಐನೂರೊಂದು ರೂಪಾಯೀ!"

ಛತ್ರದವರೆಲ್ಲ ತಿರುಗಿ ನೋಡಿದರು. ಆಮೇಲೆ ಶುರುವಾಯಿತು ನೋಡಿ. "ಭೇಷ್!" "ಮಾವ ಅಂದ್ರೆ ಹಿಂಗಿರ್ಬೇಕು!" ಬೀಗರ ಕಡೆಯ ಯಜಮಾನರು ಎದ್ದು ಬಂದು ನನ್ನ ಗಂಡನ ಭುಜ ತಟ್ಟಿದರು. ನಾನು ಹೆಂಗಸರ ಸಾಲಿನಿಂದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಹೇಳಿ, ತಪ್ಪಾಯಿತು ಎನ್ನಿ, ಐವತ್ತೊಂದು ಎನ್ನಿ! ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು, ತಲೆ ಬಗ್ಗಿಸಿ, ಮದುವೆಗಂಡಿನ ಹಾಗೆ ನಾಚಿಕೊಂಡು ನಿಂತಿದ್ದರು.

ಸುಳ್ಳು ಯಾಕೆ ಹೇಳಲಿ, ಅಕ್ಕಪಕ್ಕದ ಹೆಂಗಸರೆಲ್ಲ ನನ್ನತ್ತ ತಿರುಗಿದಾಗ ನಾನೂ ಸೆರಗು ಸರಿಮಾಡಿಕೊಂಡು ನಕ್ಕೆ. ಆ ನಗೆ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕನ ಗಂಡ ಅಲ್ಲೇ ಎಲೆ ಬಿಚ್ಚಿ ನೋಡಿದರು. ಒಳಗೆ ಐವತ್ತೊಂದು. ಅಜ್ಜನಿಗೆ ತಪ್ಪು ಕೇಳಿಸಿದೆ ಎಂದು ಅವರಿಗೆ ಆ ಕ್ಷಣವೇ ಗೊತ್ತಾಗಿದೆ. ನನ್ನ ಗಂಡ ಅವರ ಹತ್ತಿರ ಹೋಗಿ, "ಉಳಿದದ್ದು ಮನೇಲಿದೆ ಬಾವ, ತಂದ್ಕೊಡ್ತೀನಿ" ಎಂದರಂತೆ. ಆ ದೊಡ್ಡ ಮನುಷ್ಯ ಏನೆಂದರು ಗೊತ್ತೇ? "ಅವಸರ ಏನಿಲ್ಲಪ್ಪ, ನಾಳೆ ಆದ್ರೂ ಆಗುತ್ತೆ."

ಬಸ್ಸು ಮಲವಗೊಪ್ಪ ದಾಟುವವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. "ಬಾಯಿ ಬಿದ್ದು ಹೋಗಿತ್ತಾ ನಿಮಗೆ? ಐವತ್ತೊಂದು ಅನ್ನೋಕೆ ಎಷ್ಟೊತ್ತು ಬೇಕು?"

"ಎಲ್ಲಾರೂ ನೋಡ್ತಿದ್ರು ಕಣೇ. ಅಕ್ಕನ ಬೀಗರ ಮುಂದೆ ಹೆಂಗೆ ಹೇಳ್ಲಿ? ಮುಯ್ಯಿ ಎಲ್ಲೂ ಹೋಗಲ್ಲ, ತಿರುಗಿ ಬರುತ್ತೆ."

"ಅಮಾಸೆ ಒಳಗೆ ಬರುತ್ತಾ?"

ಮರುದಿನ ಗಂಡ ಡ್ಯೂಟಿ ಬಿಟ್ಟು, ಡಬ್ಬದಿಂದ ನಾನೂರೈವತ್ತು ತೆಗೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ನೋಟುಗಳಿಗೆ ಹಿಟ್ಟು ಮೆತ್ತಿತ್ತು. ಒರೆಸಿ ಕೊಡು ಎಂದರು, ನಾನು ಒರೆಸಲಿಲ್ಲ. ಅಮಾವಾಸ್ಯೆ ಬಂತು, ಹೋಯಿತು. ಆ ಮನೆ ಕಾಗದದ ಕಾರ್ಖಾನೆಯವನೊಬ್ಬನಿಗೆ ಹೋಯಿತು.

ಮುಂದಿನ ಹಬ್ಬಕ್ಕೆ ಬಂದ ಗಂಡನ ಅಕ್ಕ, ನಮ್ಮ ಹೊಟ್ಟಿನ ಒಲೆಯ ಮುಂದೆ ಕೂತು, ನಾನು ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತ ಹೇಳಿದರು: "ಬೇಗ ಒಂದು ಮನೆ ಮಾಡ್ಕೊಳ್ಳಿ ಮಾರಾಯ್ತಿ. ನಿಮ್ಮ ಗೃಹಪ್ರವೇಶಕ್ಕೆ ನಿಮ್ಮ ಮುಯ್ಯಿ ತೀರಿಸ್ಬಿಡ್ತೀವಿ." ಅಯ್ಯೋ, ನನ್ನ ತಾಯಿ! ಮನೆಯನ್ನು ನುಂಗಿದ ಮುಯ್ಯಿ ವಾಪಸ್ಸು ಬರಬೇಕಾದರೆ ಮನೆ ಕಟ್ಟಿರಬೇಕು! ನನ್ನ ಗಂಡ ಅದಕ್ಕೂ ತಲೆಯಾಡಿಸಿದರು.

ಮತ್ತೆ ಆರು ವರ್ಷ ಹೊಟ್ಟು ಕುಟ್ಟಿದೆ. ಎಲ್ಲದರ ಬೆಲೆಯೂ ಏರಿತ್ತು, ಸಂಚಕಾರವೇ ಎರಡರಷ್ಟಾಗಿತ್ತು. ಕೊನೆಗೆ ಊರಂಚಿನಲ್ಲಿ ಒಂದೂವರೆ ಅಂಕಣದ ಮನೆ ಹಿಡಿದೆವು. ಬಾವಿ ಇಲ್ಲ. ಬೀದಿ ತುದಿಯ ನಲ್ಲಿಯಲ್ಲಿ ಸರದಿ. ಇರಲಿ, ಮುಯ್ಯಿ ಬರುತ್ತದಲ್ಲ, ಆ ಐನೂರೊಂದರಲ್ಲಿ ಹಿತ್ತಿಲಲ್ಲಿ ಬಾವಿ ತೋಡಿಸುವುದು ಎಂದು ತೋಡುವವನಿಗೆ ಮಾತೂ ಕೊಟ್ಟೆ.

ಗೃಹಪ್ರವೇಶಕ್ಕೆ ಶಿವಮೊಗ್ಗದವರು ಬಂದರು. ಜೊತೆಗೆ ಅದೇ ಅಜ್ಜ, ಕಿವಿ ಪೂರ್ತಿ ಹೋಗಿತ್ತು, ದನಿ ಹಾಗೇ ಇತ್ತು. ಅಕ್ಕನ ಗಂಡ ತಟ್ಟೆಗೆ ಎಲೆ ಇಟ್ಟು ಬಗ್ಗಿ ಹೇಳಿದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಂದು ಮಾರು ದೂರದಲ್ಲಿದ್ದೆ. ನನಗೆ ಸ್ಪಷ್ಟವಾಗಿ ಕೇಳಿಸಿತು. ಐವತ್ತೊಂದು.

ಅಜ್ಜನಿಗೆ ಕೇಳಿಸಲಿಲ್ಲ. ಕಿವಿಗೆ ಕೈಯಿಟ್ಟು, "ಆಂ? ಎಷ್ಟಂತೆ?" ಎಂದರು.

"ಐನೂರೊಂದಂತೆ ಅಜ್ಜಾ!" ಎಂದೆ ನಾನು, ಗಂಟಲು ಹರಿಯುವಂತೆ.

"ಶಿವಮೊಗ್ಗದ ಬಾವನೋರು, ಐನೂರೊಂದು ರೂಪಾಯೀ!"

ಮತ್ತೆ ಭೇಷ್, ಮತ್ತೆ ಶಹಬ್ಬಾಸ್. ಅಕ್ಕನ ಗಂಡನ ಮುಖ ಇಳಿಯಿತು, ಆದರೂ ನಕ್ಕರು. ಅಷ್ಟು ಜನರ ಮುಂದೆ ಇನ್ನೇನು ಮಾಡುತ್ತಾರೆ? ನನ್ನ ಬಾವಿಗೆ ನೀರು ಬಂತು ಎಂದುಕೊಂಡೆ.

ಅಷ್ಟರಲ್ಲಿ ನನ್ನ ಗಂಡ ಮುಂದೆ ಬಂದು ಅಜ್ಜನ ಕೈ ಹಿಡಿದುಕೊಂಡರು. "ಇಲ್ಲಜ್ಜ, ತಪ್ಪಾಯ್ತು. ಐವತ್ತೊಂದು," ಎಂದರು. ಅಜ್ಜನಿಗೆ ಕೇಳಿಸಲಿ ಎಂದು ಇನ್ನೊಮ್ಮೆ, ಜೋರಾಗಿ, "ಐವತ್ತೊಂದು!"

ಜನ ಒಂದಿಷ್ಟು ನಕ್ಕರು. ಅಜ್ಜನೂ ನಕ್ಕು, ತಿದ್ದಿ ಕೂಗಿದರು. ಬರೆಯುವವನು ಒಂದು ಗೀಟು ಎಳೆದು ಪಕ್ಕದಲ್ಲಿ ಬರೆದುಕೊಂಡ. ಯಾರ ಮಾನವೂ ಹೋಗಲಿಲ್ಲ. ಮುಂದಿನವರು ತಟ್ಟೆಗೆ ಎಲೆ ಇಟ್ಟರು. ನಾನು ಕುಂಕುಮದ ತಟ್ಟೆ ಅಲ್ಲೇ ಕೆಳಗಿಟ್ಟು, ಕೊಡ ಎತ್ತಿಕೊಂಡು ಬೀದಿ ನಲ್ಲಿಗೆ ಹೋದೆ.