ಎರಡು ಕಂಬಗಳ ನಡುವಿನ ಜಾಗ

2014ರ ಮಾರ್ಚ್‌ನಲ್ಲಿ ಅಬುಧಾಬಿಯಲ್ಲಿ ನಡೆದ ಕಾಲೇಜುಗಳ ಅಮೆರಿಕನ್ ಫುಟ್ಬಾಲ್ ಪಂದ್ಯಾವಳಿಯನ್ನು ನನ್ನ ಅಣ್ಣ ಪ್ರಜ್ವಲನ ತಂಡ ಎರಡು ಅಂಕಗಳಿಂದ ಗೆದ್ದಿತು. ನನಗಾಗ ಹತ್ತು ವರ್ಷ. ಶುಕ್ರವಾರವೇ ವಾರದ ರಜೆಯಾಗಿದ್ದ ದಿನಗಳು ಅವು. ಬೆಳಿಗ್ಗೆ ಅಮ್ಮ ಗೋಳಿಬಜೆ ಕರಿದು ಹಾಟ್‌ಪ್ಯಾಕಿಗೆ ತುಂಬಿಸುತ್ತಿದ್ದರು. ದಾರಿಯಲ್ಲಿ ಪಪ್ಪ ಕೆಫೆಟೇರಿಯಾದ ಎದುರು ಹಾರ್ನ್ ಹೊಡೆದು ಕರಕ್ ಚಹಾ ತರಿಸುತ್ತಿದ್ದರು. ನಾವು ಮೈದಾನ ಮುಟ್ಟುವಾಗ ಕಾರಿನೊಳಗೆಲ್ಲ ಏಲಕ್ಕಿಯ ಘಮ.

ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿಗೆ ಆ ಚಳಿಗಾಲವಿಡೀ ಬೆವರಿನ ವಾಸನೆಯಿತ್ತು. ಅಣ್ಣನ ಹೆಲ್ಮೆಟ್ಟು, ಭುಜದ ಪ್ಯಾಡುಗಳು ಬಾಲ್ಕನಿಯಲ್ಲಿ ಒಣಗುತ್ತಿದ್ದವು. ಅವನ ಹಳೆಯ ಚೆಂಡಿನಲ್ಲಿ ನಾವು ಮಕ್ಕಳು ಕೆಳಗೆ ಪಾರ್ಕಿಂಗಿನಲ್ಲಿ ಆಡುತ್ತಿದ್ದೆವು. ಮೊಟ್ಟೆಯ ಆಕಾರದ ಆ ಚೆಂಡು ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅದನ್ನು ಅಟ್ಟಿಕೊಂಡು ಓಡುವುದೇ ನಮ್ಮ ಆಟ.

ಒಬ್ಬರ ಮೇಲೊಬ್ಬರು ಬಿದ್ದು ಉರುಳಾಡುವ ತಂಡದಲ್ಲಿ ಅಣ್ಣನ ಕೆಲಸ ಬೇರೆ. ಎರಡು ಎತ್ತರದ ಕಂಬಗಳ ನಡುವೆ, ಅಡ್ಡಪೈಪಿನ ಮೇಲಿಂದ ಹಾರುವಂತೆ ಚೆಂಡನ್ನು ಒದೆಯುವುದು. ಅಮ್ಮನಿಗೆ ಇದೇ ಸಂಶಯ.

"ಉಳಿದವರ ಬಟ್ಟೆ ನೋಡು, ಮಣ್ಣೇ ಮಣ್ಣು. ನಿನ್ನನ್ನು ಆಡ್ಲಿಕ್ಕೆ ಬಿಡುದಿಲ್ವಾ?"

"ಅಮ್ಮಾ, ಐ ಆಮ್ ದ ಕಿಕ್ಕರ್."

"ಹಾಗಾದ್ರೆ ಅದೇ ಆಗಿರು. ತೊಳೀಲಿಕ್ಕೆ ಸುಲಭ."

ಆ ಮೈದಾನದಲ್ಲಿ ಮೊದಲು ಈ ಕಂಬಗಳೇ ಇರಲಿಲ್ಲ. ಮುಸಫ್ಫಾದಲ್ಲಿ ಪೈಪು ಕತ್ತರಿಸಿ ಬೆಸೆಯುವ ಫ್ಯಾಬ್ರಿಕೇಷನ್ ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದ ಪಪ್ಪ, ಮಾಲೀಕರನ್ನು ಕೇಳಿ ಉಳಿಕೆ ಪೈಪುಗಳನ್ನು ಪಡೆದು, ರಜಾದಿನಗಳಲ್ಲಿ ಎರಡು ಜೊತೆ ಕಂಬ ಮಾಡಿಕೊಟ್ಟರು. ಅಳತೆಯನ್ನು ಕೋಚ್ ಫೋನಿಗೆ ಕಳಿಸಿದ್ದರು. ಒಂಟಿ ಕಾಲು, ಅದರ ಮೇಲೆ ಅಡ್ಡಪೈಪು, ಅದರ ಎರಡು ತುದಿಗೆ ನೆಟ್ಟಗೆ ಎರಡು ಕಂಬ. ಹಳದಿ ಬಣ್ಣ ಹಸಿಯಾಗಿದ್ದಾಗಲೇ ಅಮ್ಮ ನೋಡಿ, "ಎಂತದು ಇದು, ಬಟ್ಟೆ ಒಣಗಿಸ್ಲಿಕ್ಕಾ?" ಎಂದರು.

ಫೈನಲ್‌ನಲ್ಲಿ ಅಣ್ಣ ಒದ್ದ ಚೆಂಡು ಕಂಬಗಳ ನಡುಮಧ್ಯೆ ಹಾದುಹೋಗಿ ಮೂರು ಅಂಕ ಬಂದು, ಒಂದು ಅಂಕ ಹಿಂದಿದ್ದ ನಮಗೆ ಎರಡು ಅಂಕಗಳ ಮುನ್ನಡೆ ಸಿಕ್ಕಿತು. ಕೊನೆಯ ಒದೆತ ಎದುರಾಳಿಗಳದ್ದು. ಗುರಿ ಸೇರಿದರೆ ಅವರಿಗೆ ಮೂರು ಅಂಕ, ಕಪ್ಪೂ ಅವರದೇ. ಅವರ ಕಿಕ್ಕರ್ ಕರೀಮ್ ಎಂಬ ಲೆಬನಾನಿನ ಹುಡುಗ. ಅವನು ಒದ್ದ ಚೆಂಡು ಬಲಗಂಬಕ್ಕೆ ಢಣ್ಣನೆ ಬಡಿದು ಹೊರಕ್ಕೆ ಬಿತ್ತು. ಪಪ್ಪ ನನ್ನನ್ನು ಎತ್ತಿಕೊಂಡು ಕುಣಿದರು.

ಕಪ್ ಪ್ರತಿ ಆಟಗಾರನ ಮನೆಯಲ್ಲಿ ಒಂದೊಂದು ವಾರ ಇರಬೇಕೆಂದು ತಂಡದವರು ಮಾತಾಡಿಕೊಂಡಿದ್ದರು. ಮೊದಲ ಸರದಿ ನಮ್ಮದು. ಅಮ್ಮ ಅದನ್ನು ಟಿ.ವಿ.ಯ ಪಕ್ಕದಲ್ಲಿಟ್ಟು ಹಿಡಿಯ ಬುಡಕ್ಕೆ ಕುಂಕುಮ ಹಚ್ಚಿದರು.

ಅದೇ ವಾರ ಪಪ್ಪ, ಅಣ್ಣ, ನಾನು ಕಂಬಗಳನ್ನು ಬಿಚ್ಚಿ ತರಲು ಹೋದೆವು. ಪಿಕಪ್ಪಿನಲ್ಲಿ ಹಿಡಿಯುತ್ತದೆಯೇ ನೋಡಲು ಪಪ್ಪ ಟೇಪು ತೆಗೆದು, ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು.

"ಸರಿ ಹಿಡಿ ಪುಟ್ಟಿ, ಕಮ್ಮಿ ಬರ್ತಾ ಉಂಟು."

"ಸರಿ ಹಿಡ್ದಿದ್ದೇನೆ ಪಪ್ಪಾ. ಕಂಬದ ಒಳಬದಿಯಿಂದ."

ಪಪ್ಪ ಇನ್ನೊಮ್ಮೆ ಒಳಬದಿಯಿಂದಲೇ ಅಳೆದರು. ಫೋನಿನಲ್ಲಿದ್ದ ಕೋಚರ ಚಿತ್ರವನ್ನು ದೊಡ್ಡದು ಮಾಡಿ ಓದಿದರು. ಆಮೇಲೆ ಮರಳಿನ ಮೇಲೆ ಕುಳಿತರು. ಪೈಪಿನ ಕೆಲಸದವರು ಒಂದು ಪೈಪಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯುತ್ತಾರೆ. ಆಟದ ನಿಯಮದಲ್ಲಿ ಅಳತೆ ಒಳಬದಿಯಿಂದ ಒಳಬದಿಗೆ. ಪಪ್ಪ ಕೈಗೆ ರೂಢಿಯಾದಂತೆ ಅಳೆದಿದ್ದರು. ಹೀಗಾಗಿ ಕಂಬಗಳ ನಡುವಿನ ಜಾಗ ಒಂದು ಪೈಪಿನಷ್ಟು ಕಿರಿದಾಗಿತ್ತು. ಯಾರ್ಡಿನಿಂದ ಹೊರಡುವ ಪ್ರತಿ ಪೈಪನ್ನೂ ಇನ್ನೊಬ್ಬರು ಪರೀಕ್ಷಿಸುವುದು ಕ್ರಮ. ಇದು ಪಪ್ಪನ ಸ್ವಂತ ಕೆಲಸವಾದ್ದರಿಂದ ಯಾರೂ ಪರೀಕ್ಷಿಸಿರಲಿಲ್ಲ.

"ಎರಡೂ ಟೀಮಿಗೆ ಅದೇ ಪೋಸ್ಟ್ ಪಪ್ಪಾ. ಖಲಾಸ್, ಲೀವ್ ಇಟ್," ಎಂದ ಅಣ್ಣ.

"ನಿನ್ನ ಬಾಲ್ ತಾಗ್ಲಿಲ್ಲ. ಆ ಹುಡುಗನದ್ದು ತಾಗಿತು."

"ಸರಿ ಇದ್ದಿದ್ರೂ ಹೊರಗೇ ಹೋಗ್ತಿತ್ತೋ ಏನೋ!"

"ಇರ್ಬಹುದು. ಈಗ ಅದು ಗೊತ್ತಾಗುದೇ ಇಲ್ವಲ್ಲ."

"ಹೇಳಿದ್ರೆ ಕಪ್ ಹೋಗ್ತದೆ, ಗೊತ್ತುಂಟಲ್ಲ?"

ಪಪ್ಪ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಮರುದಿನ ಪಪ್ಪ ಕೋಚರಿಗೆ ಹೇಳಿದರು. ಕೋಚ್ ಎದುರು ತಂಡದ ಕೋಚರಿಗೆ ತಿಳಿಸಿದರು. ಅಣ್ಣ ಪಪ್ಪನ ಜೊತೆ ಮಾತು ಬಿಟ್ಟ. ಊಟದ ತಟ್ಟೆಯನ್ನು ಕೋಣೆಗೆ ಒಯ್ದು ಉಣ್ಣುತ್ತಿದ್ದ. ಅಮ್ಮ ಇಬ್ಬರಿಗೂ ಬೈದರು: "ಒಬ್ರಿಗೆ ಕಂಬ, ಒಬ್ಬನಿಗೆ ಕಪ್. ಮೀನು ಸಾರು ಯಾರಿಗೆ ಮಾಡಿದ್ದು ನಾನು?"

ವಾರ ಮುಗಿಯುವ ಮೊದಲು ಎದುರು ತಂಡದ ಕೋಚರಿಂದ ಉತ್ತರ ಬಂತು. ಆಟಕ್ಕೆ ಮುಂಚೆ ಎರಡೂ ತಂಡಗಳು ಕಂಬಗಳನ್ನು ನೋಡಿ ಒಪ್ಪಿದ್ದವು, ಫಲಿತಾಂಶ ಬದಲಾಗುವುದಿಲ್ಲ.

ಆ ಸಂಜೆ ಅಣ್ಣ ಕಪ್ಪನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದು ಪಪ್ಪನ ಎದುರು ನಿಂತ.

"ಕಾರ್ ತೆಗೀರಿ."

"ಎಲ್ಲಿಗೆ?"

"ಕರೀಮ್ ಮನೆಗೆ. ಒಂದು ವಾರ ಅವನ ಹತ್ರ ಇರ್ಲಿ. ಟೀಮಿನವರಿಗೆ ಹೇಳಿದ್ದೇನೆ."

"ಅವರು ಒಪ್ಪಿದ್ರಾ?"

"ಕೆಲವರು ಬೈದ್ರು. ಯಲ್ಲಾ, ಹೊರಡಿ ಪಪ್ಪಾ, ಲೇಟಾಗ್ತದೆ."

ಕರೀಮನ ಮನೆಯ ಬಾಗಿಲಲ್ಲಿ ಪಪ್ಪ ಇಂಗ್ಲಿಷಿನಲ್ಲಿ ಕಂಬದ ಅಳತೆಯನ್ನು ವಿವರಿಸಲು ಹೊರಟರು. ಕರೀಮ್ ನಗುತ್ತಾ ಕಪ್ ತೆಗೆದುಕೊಂಡು, ಅದರ ಮೇಲಿನ ಕೆಂಪು ಏನೆಂದು ಕೇಳಿದ. ಅಮ್ಮ ಹಚ್ಚಿದ್ದೆಂದು ಅಣ್ಣ ಹೇಳಿದ. ವಾರದ ನಂತರ ಕಪ್ ಹಿಂದಿರುಗಿತು. ಅವನ ತಾಯಿ ಅದನ್ನು ಹೊಳೆಯುವಂತೆ ಒರೆಸಿದ್ದರು, ಕುಂಕುಮವಿದ್ದ ಜಾಗ ಒಂದನ್ನು ಬಿಟ್ಟು.

ಪಪ್ಪ ಕಂಬಗಳನ್ನು ಕತ್ತರಿಸಿ, ಸರಿಯಾದ ಅಳತೆಗೆ ಮತ್ತೆ ವೆಲ್ಡ್ ಮಾಡಿದರು. ಆ ದಿನ ಟೇಪಿನ ಇನ್ನೊಂದು ತುದಿ ಹಿಡಿದವನು ಅಣ್ಣ.

ಈಗ ಆ ಮೈದಾನವಿಲ್ಲ, ಅಲ್ಲಿ ಟವರುಗಳಿವೆ. ವಾರದ ರಜೆ ಶನಿವಾರ, ಭಾನುವಾರಕ್ಕೆ ಸರಿದಿದೆ. ಕರೀಮನ ಕುಟುಂಬ ದೇಶ ಬಿಟ್ಟು ಹೋಯಿತು. ಅವನ ನಂಬರ್ ಅಣ್ಣನ ಬಳಿಯೂ ಇಲ್ಲ. ಪಪ್ಪ ನಿವೃತ್ತರಾಗಿ ಅಮ್ಮನೊಂದಿಗೆ ಉಡುಪಿಯಲ್ಲಿದ್ದಾರೆ. ಕಾಲೇಜು ಆ ತಂಡವನ್ನು ನಿಲ್ಲಿಸಿತು, ಕಂಬಗಳು ಗುಜರಿಗೆ ಹೋದವು. ಕಪ್ ಕಾಲೇಜಿನ ಕಾರಿಡಾರಿನ ಗಾಜಿನ ಕಪಾಟಿನಲ್ಲಿದೆ. ಕಳೆದ ತಿಂಗಳು ಬೇರೆ ಕೆಲಸದ ಮೇಲೆ ಹೋದಾಗ ನೋಡಿದೆ. ಹಿಡಿಯ ಬುಡದಲ್ಲಿ ಕುಂಕುಮ ಇದೆ.