ಅಂಗೈಯಲ್ಲಿದ್ದ ಸ್ವಿಚ್ಚು

ನಾನು ನಿಂತಿದ್ದದ್ದು ಅಕ್ಕೂರಿನಲ್ಲಿ, ಸಾವಿತ್ರಮ್ಮನವರ ಮನೆಯ ಮುಂದಿನ ಬಯಲಿನಲ್ಲಿ, ಅವರ ಲಾರಿಯ ಬಲಬಾಗಿಲಿನಿಂದ ಎರಡು ಹೆಜ್ಜೆ ದೂರ. ನಾಲ್ಕು ವರ್ಷದ ಹಿಂದೆ, ಆಯುಧಪೂಜೆ ಕಳೆದ ಮೊದಲ ಗುರುವಾರ. ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿತ್ತು. ಒಳ್ಳೆಯ ಬಿಸಿಲು. ನಾನು ಕುಡಿದಿರಲಿಲ್ಲ, ಕುಡಿಯುವವನೂ ಅಲ್ಲ. ಅಲ್ಲಿಯವರೆಗೆ ಇಂಥದ್ದನ್ನು ಹೇಳುವವರನ್ನು ಕಂಡರೆ ನಾನೇ ನಗುತ್ತಿದ್ದೆ. ಈಗ ನನ್ನನ್ನು ನೋಡಿ ನಗುವವರಿದ್ದಾರೆ. ನಗಲಿ. ಕಂಡದ್ದರಲ್ಲಿ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಚನ್ನಪಟ್ಟಣದಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡುವವನು ನಾನು. ಸಾವಿತ್ರಮ್ಮನವರ ಗಂಡ ಕೆಂಪಣ್ಣ ಇಪ್ಪತ್ತೆರಡು ವರ್ಷ ಆ ಲಾರಿಯಲ್ಲಿ ಇಟ್ಟಿಗೆ ಸಾಗಿಸಿ, ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಆಮೇಲೆ ಲಾರಿ ಸ್ಟಾರ್ಟ್ ಆಗಲೇ ಇಲ್ಲ. ಡ್ರೈವರ್ ಇಟ್ಟು ಓಡಿಸಿ ಬದುಕುತ್ತೇನೆ ಎಂಬುದು ಸಾವಿತ್ರಮ್ಮನವರ ಮಾತು. ಎಂಜಿನ್ ಸತ್ತಿದೆ, ಗುಜರಿಗೆ ಹಾಕೋಣ ಎಂಬುದು ಮೈದುನ ಮರಿಸ್ವಾಮಿಯ ಹಟ. ಗಾಡಿ ಕತ್ತರಿಸುವ ನಯಾಜ್ ಅವರನ್ನು ಗ್ಯಾಸ್ ಕಟರ್ ಸಮೇತ ಕರೆಸಿಯೇಬಿಟ್ಟಿದ್ದ. ಊಟದ ಹೊತ್ತಿನೊಳಗೆ ಸ್ಟಾರ್ಟ್ ಆದರೆ ಲಾರಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಇಬ್ಬರೂ ಒಪ್ಪಿದ್ದರು.

"ಏನ್ ಡಾಕ್ಟ್ರೇ, ಹೆಣಕ್ಕೆ ಇಂಜೆಕ್ಷನ್ ಕೊಡಾಕ್ ಬಂದ್ರಾ?" ಎಂದ ಮರಿಸ್ವಾಮಿ.

ಹಳೆಯ ಬ್ಯಾಟರಿಯನ್ನು ಇಳಿಸಿ, ಅಂಗಡಿಯಿಂದ ತಂದದ್ದನ್ನು ಜೋಡಿಸಿದೆ. ಹೆಡ್‌ಲೈಟ್ ಜೋರಾಗಿ ಹತ್ತಿತು. ಸಾವಿತ್ರಮ್ಮನವರು ಕೀ ತಿರುಗಿಸಿದರೆ ಮಾತ್ರ ಸದ್ದೇ ಇಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ. ಸ್ಟೀರಿಂಗ್ ಕೊಳವೆಯ ಮೇಲಿದ್ದ ಇಗ್ನಿಷನ್ ಸ್ವಿಚ್ಚಿನವರೆಗೆ ಕರೆಂಟ್ ಬರುತ್ತಿತ್ತು. ಅಲ್ಲಿಂದ ಸ್ಟಾರ್ಟರ್ ಮೋಟರಿಗೆ ಹೋಗುತ್ತಿರಲಿಲ್ಲ.

ಸ್ಟೀರಿಂಗ್ ಬಿಚ್ಚುವ ಮೊದಲು ಬ್ಯಾಟರಿ ಕಳಚುವುದು ನನ್ನ ಪದ್ಧತಿ. ಎರಡೂ ಟರ್ಮಿನಲ್ ಬಿಚ್ಚಿ, ಬ್ಯಾಟರಿಯನ್ನು ಎತ್ತಿ ಹಳೆಯದರ ಪಕ್ಕ ನೆಲಕ್ಕಿಟ್ಟೆ. ಸ್ಟೀರಿಂಗಿನ ಕವರ್ ತೆಗೆದಾಗ ಒಳಗೆಲ್ಲ ಕುಂಕುಮ. ಪ್ರತಿ ಆಯುಧಪೂಜೆಗೂ ಕೆಂಪಣ್ಣ ಕೀ ಹಾಕುವ ತೂತಿಗೇ ಕುಂಕುಮ, ವಿಭೂತಿ ಮೆತ್ತುತ್ತಿದ್ದರಂತೆ. ಅದು ಒಳಗಿಳಿದು, ಗ್ರೀಸಿನೊಡನೆ ಬೆರೆತು, ಸ್ವಿಚ್ಚಿನ ತಾಮ್ರದ ಮೇಲೆ ಕಲ್ಲಿನಂತೆ ಕಟ್ಟಿತ್ತು. ಕಾಯಿಲೆ ಸಿಕ್ಕಿತು ಎಂದು ಖುಷಿಯಾಯಿತು. ವೈರುಗಳನ್ನು ಕಳಚಿ, ಸ್ವಿಚ್ಚನ್ನು ಹಿಡಿದು ಕೆಳಗಿಳಿದೆ. ಮೂವರಿಗೂ ಅದನ್ನು ಅಂಗೈಯಲ್ಲಿಟ್ಟು ತೋರಿಸುತ್ತಿದ್ದೆ.

ಆಗ ಸ್ಟಾರ್ಟರ್ ಕೂಗಿತು. ಚಿಕ್ಕದಾಗಿ ಒಮ್ಮೆ, ಚಿಕ್ಕದಾಗಿ ಇನ್ನೊಮ್ಮೆ, ಆಮೇಲೆ ಉದ್ದಕ್ಕೆ. ಎಂಜಿನ್ ಸ್ಟಾರ್ಟ್ ಆಯಿತು. ಹೊಗೆ ಬಂತು. ಬಾಗಿಲು ತೆರೆದೇ ಇತ್ತು, ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ.

ಸಾವಿತ್ರಮ್ಮನವರು ಕೂಗಲಿಲ್ಲ, ಅಳಲಿಲ್ಲ. "ಅವ್ರು ಹಿಂಗೇಯಾ ಮಾಡ್ತಿದ್ದುದು ಕಣಣ್ಣ," ಎಂದರು. "ಕೀನ ಎಲ್ಡ್ ಸಲ ಒಸಿ ಮುಟ್ಟಿ, ಮೂರ್ನೇ ಸಲಕ್ಕೆ ಪೂರ್ತಿ ತಿರುಗ್ಸೋರು." ಕ್ಯಾಬಿನ್ ಹತ್ತಿ, ಎಂಜಿನ್ ನಿಲ್ಲಿಸುವ ತಂತಿಯನ್ನು ಅವರೇ ಎಳೆದರು.

ಡೀಸೆಲ್ ಎಂಜಿನ್ ಒಮ್ಮೆ ಹೊರಟರೆ ಓಡುತ್ತಲೇ ಇರಲು ಕರೆಂಟ್ ಬೇಡ, ಒಪ್ಪುತ್ತೇನೆ. ಹೊರಟದ್ದು ಹೇಗೆ? ನೆಲ ಸಮವಾಗಿತ್ತು, ನಾಲ್ಕೂ ಕಡೆ ಚಕ್ರಕ್ಕೆ ಕಲ್ಲು ಕೊಟ್ಟಿತ್ತು. ಎರಡು ಬ್ಯಾಟರಿಯೂ ನೆಲದ ಮೇಲಿದ್ದವು. ಸಾವಿತ್ರಮ್ಮನವರಿಗೆ ನೆರವಾಗಲು ನಾನು ಇನ್ನೊಂದನ್ನು ಎಲ್ಲೋ ಬಚ್ಚಿಟ್ಟಿದ್ದೆ ಎಂದು ನಗುವವರು ಹೇಳುತ್ತಾರೆ. ಅಂದು ನಯಾಜ್ ಅವರೇ ಲಾರಿಯಡಿ ತೂರಿ ಹುಡುಕಿದರು, ಏನೂ ಸಿಗಲಿಲ್ಲ. ಹೊಸ ಸ್ವಿಚ್ ಹಾಕಿಕೊಟ್ಟೆ. ಲಾರಿ ಇಂದಿಗೂ ಇಟ್ಟಿಗೆ ಹೊರುತ್ತಿದೆ. ಆ ಮಧ್ಯಾಹ್ನಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ಉತ್ತರವಿಲ್ಲವೆಂದು ನಾನು ಸುಳ್ಳುಗಾರನಾಗುವುದಿಲ್ಲ.

ಕಂಡವರು ಇದ್ದಾರೆ. ಸಾವಿತ್ರಮ್ಮನವರು ಅಕ್ಕೂರಿನಲ್ಲೇ ಇದ್ದಾರೆ. ನಯಾಜ್ ರಾಮನಗರದಲ್ಲಿ ಈಗಲೂ ಗಾಡಿ ಕತ್ತರಿಸುತ್ತಾರೆ. ಅವರಿಬ್ಬರೂ ನನ್ನ ಕಡೆಯವರು ಎನ್ನುವುದಾದರೆ, ಆ ಲಾರಿಯನ್ನು ಕತ್ತರಿಸಲೇಬೇಕೆಂದು ನಿಂತಿದ್ದ ಮರಿಸ್ವಾಮಿಯನ್ನು ಕೇಳಿ. ಅವನೂ ಬದುಕಿದ್ದಾನೆ. ಸುಳ್ಳು ಎಂದು ಅವನು ಇವತ್ತಿನವರೆಗೂ ಹೇಳಿಲ್ಲ.